ಹೋಮ್‌ಸ್ಟೇ ಮಾಡಲು ಹೊರಟು ಮನೆಯ ಚರಿತ್ರೆ ಹುಡುಕಿದ್ದು

ಕುಂದಾಪುರದಿಂದ ಬಡಗು ದಿಕ್ಕಿಗೆ, ಪಂಚಗಂಗಾವಳಿ ಹೊಳೆ ದಾಟಿದ ಮೇಲೆ ಸಿಗುವ ಕಡಲ ಬದಿಯ ಊರು ನಮ್ಮದು. ಅಲ್ಲಿರುವ ಅಮ್ಮನ ಕಡೆಯ ಹಳೆ ಮನೆ ಈಗ ಸರಕಾರದ ಲೆಕ್ಕದಲ್ಲಿ ಹೋಮ್‌ಸ್ಟೇ. ನೋಂದಣಿ ಪತ್ರ ಕೈಗೆ ಬಂದು ಸ್ವಲ್ಪ ಸಮಯವಾಯಿತಷ್ಟೆ. ಅಷ್ಟರಲ್ಲೇ ಕೇಳುವವರು ಶುರುವಾಗಿದ್ದಾರೆ. ಯಾವ ಆಫೀಸಿಗೆ ಮೊದಲು ಹೋಗಬೇಕು, ಎಷ್ಟು ಖರ್ಚಾಯಿತು, ಕಡಲ ಹತ್ತಿರ ಪರ್ಮಿಶನ್ ಹೇಗೆ ಸಿಕ್ಕಿತು ಎಂದೆಲ್ಲ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದಿಡುತ್ತೇನೆ.

ಸೈಟು ತೆಗೆದುಕೊಂಡು ಹೊಸದಾಗಿ ಕಟ್ಟುವವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ. ಅಜ್ಜ ಅಜ್ಜಿಯ ಕಾಲದ ಹಂಚಿನ ಮನೆ ಕಡಲ ಹತ್ತಿರ ಇರುವವರು ಓದಿ. ಅಂಥ ಮನೆಗೆ ಮುಖ್ಯವಾಗಿ ಬೇಕಾಗುವುದು ಅದರ ಚರಿತ್ರೆ. ಆ ಮನೆ ಯಾವಾಗಿನಿಂದ ಅಲ್ಲಿದೆ, ಯಾರ ಕೈಯಿಂದ ಯಾರ ಕೈಗೆ ಬಂತು, ಮೊದಲು ಎಷ್ಟು ದೊಡ್ಡದಿತ್ತು. ಇದಕ್ಕೆ ಸಾಕ್ಷಿ ಇಲ್ಲದಿದ್ದರೆ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ನಮಗೆ ಇದು ಗೊತ್ತಾದದ್ದು ಪಂಚಾಯತಿಯಲ್ಲಿ. ಹೋಮ್‌ಸ್ಟೇಗೆ ಪಂಚಾಯತಿಯ ನಿರಾಕ್ಷೇಪಣಾ ಪತ್ರ ಬೇಕು. ಅರ್ಜಿಯನ್ನೇನೋ ತೆಗೆದುಕೊಂಡರು. ಆಮೇಲೆ, "ನಿಮ್ಮದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದಲ್ಲ, ಮನೆ 91ಕ್ಕಿಂತ ಮೊದಲಿನದ್ದು ಎನ್ನುವುದಕ್ಕೆ ಏನಿದೆ?" ಎಂದು ಕೇಳಿದರು. ಮನೆಗೆ ಬಂದು ದೊಡ್ಡಮ್ಮನಿಗೆ ಹೇಳಿದೆ. ಅವರು ಹುಟ್ಟಿದ್ದೇ ಆ ಮನೆಯಲ್ಲಿ, ಈಗ ಎಂಬತ್ತು ದಾಟಿದೆ. "ಮನೆ ಇಪ್ದ್ ಅವ್ರಿಗ್ ಕಾಂತಿಲ್ಯಾ ಹೆಣೆ?" ಎಂದು ನಕ್ಕುಬಿಟ್ಟರು. ಮನೆ ಎಲ್ಲರಿಗೂ ಕಾಣುತ್ತದೆ. ಆದರೆ ಕಡತದಲ್ಲಿ ಕಾಣಬೇಕಲ್ಲ!

ಸಿಆರ್‌ಝಡ್ ಬಗ್ಗೆ ಊರಿನಲ್ಲಿ ತಲೆಗೊಂದು ಮಾತು. ನನಗೆ ಅರ್ಥವಾದಷ್ಟು ಇಲ್ಲಿ ಹೇಳುತ್ತೇನೆ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿ 19ರಂದು. ಆಮೇಲೆ 2011ರಲ್ಲಿ ಒಂದು, 2019ರಲ್ಲಿ ಇನ್ನೊಂದು ಬಂತು. ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಬಂದು ನಿಲ್ಲುವ ಗೆರೆಯಿಂದ, 500 ಮೀಟರ್ ಒಳಗಿನ ಜಾಗ ಇದರ ಕೆಳಗೆ ಬರುತ್ತದೆ. ಹಳ್ಳಿ ಕಡೆ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ. ಜನ ದಟ್ಟವಾಗಿರುವ ಹಳ್ಳಿಗಳಿಗೆ ಇದನ್ನು 2019ರಲ್ಲಿ 50 ಮೀಟರಿಗೆ ಇಳಿಸಿದರು. ದಟ್ಟ ಎಂದರೆ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರಬೇಕು. ಉಬ್ಬರದ ನೀರು ಹತ್ತುವ ಹೊಳೆಯ ದಂಡೆಗೂ ಈ ಕಾನೂನು ಇದೆ. "ನಮ್ಮದು ಕಡಲಲ್ಲ, ಹೊಳೆ ಬದಿ" ಎಂದು ಸುಮ್ಮನೆ ಕೂರಬೇಡಿ.

ನಮ್ಮ ಮನೆಗೂ ಭರತದ ಗೆರೆಗೂ ನಡುವೆ ನೂರು ಮೀಟರ್ ಕೂಡ ಇಲ್ಲ. ಆದರೆ 2019ರ ಅಧಿಸೂಚನೆಯಲ್ಲಿ ನಮ್ಮಂಥವರಿಗೆ ಒಂದು ದಾರಿ ಇದೆ. ಈಗಿರುವ ಮನೆಯ ತಳಪಾಯದ ಅಳತೆ, ವಿನ್ಯಾಸ, ಮುಖಭಾಗ ಇವು ಯಾವುದನ್ನೂ ಬದಲಿಸದೆ ಸ್ಥಳೀಯರು ಹೋಮ್‌ಸ್ಟೇ ನಡೆಸಬಹುದು. ಅಧಿಕೃತವಾಗಿ ಇದ್ದ ಕಟ್ಟಡವನ್ನು ಅದೇ ಅಳತೆಯಲ್ಲಿ ದುರಸ್ತಿ ಮಾಡುವುದಕ್ಕೂ ಅವಕಾಶವಿದೆ. ಹಾಗಾಗಿ ಮೊದಲು ಏನಿತ್ತು ಎಂದು ತೋರಿಸುವ ಜವಾಬ್ದಾರಿ ಮನೆಯವರದ್ದೇ.

ಸುಲಭದ ಸಾಕ್ಷಿ ಸಿಕ್ಕಿದ್ದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ. ದೊಡ್ಡಮ್ಮ ಮನೆ ತೆರಿಗೆಯ ರಶೀದಿ ಒಂದನ್ನೂ ಬಿಸಾಡಿದವರಲ್ಲ. ಅದರಲ್ಲಿ ಕೆಲವು "ಮಂಡಲ ಪಂಚಾಯತ್" ಹೆಸರಿನವು. ಮಂಡಲ ಪಂಚಾಯತಿಗಳು ಕೆಲಸ ಶುರು ಮಾಡಿದ್ದು 1987ರಲ್ಲಿ. 1993ರ ಪಂಚಾಯತ್ ರಾಜ್ ಕಾಯಿದೆ ಬಂದ ಮೇಲೆ ಅವು ಹೋಗಿ ಗ್ರಾಮ ಪಂಚಾಯತಿಗಳಾದವು. ಆದ್ದರಿಂದ ತಾರೀಕು ಮಸುಕಾಗಿದ್ದರೂ ಆ ಹೆಸರು ನೋಡಿಯೇ ಅದು ಯಾವ ಕಾಲದ ರಶೀದಿ ಎಂದು ತಿಳಿಯುತ್ತದೆ. ನಮ್ಮ ಅದೃಷ್ಟಕ್ಕೆ 1988ರದ್ದು ಒಂದು ಸ್ಪಷ್ಟವಾಗಿಯೇ ಇತ್ತು. ಜೊತೆಗೆ ಕೆಇಬಿ ಕಾಲದ ಕರೆಂಟ್ ಬಿಲ್ಲುಗಳೂ ಇದ್ದವು. ನಿಮ್ಮ ಮನೆಯಲ್ಲಿ ಹಿರಿಯರು ಇಂಥ ಡಬ್ಬಿ, ಟ್ರಂಕು ಇಟ್ಟುಕೊಂಡಿದ್ದರೆ ಶುಚಿ ಮಾಡುವ ಹೆಸರಿನಲ್ಲಿ ದಯವಿಟ್ಟು ಕೈ ಹಾಕಬೇಡಿ. ಹಳೆ ರಶೀದಿ ಸಿಕ್ಕಿದರೆ ಮೊದಲು ಫೋಟೋ ತೆಗೆಯಿರಿ. ಆಮೇಲೆ ಜೆರಾಕ್ಸ್. ಲ್ಯಾಮಿನೇಶನ್ ಬೇಡ. ಮೂಲ ಪ್ರತಿ ನೋಡುವವರು ಕೆಲವರು ಅದನ್ನು ಒಪ್ಪುವುದಿಲ್ಲ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ರಶೀದಿಯಲ್ಲಿ ಮನೆ ನಂಬ್ರ ಇದೆ, ಅಳತೆ ಇಲ್ಲ. ಕಡಲ ಕಡೆಗಿರುವ ಉದ್ದನೆಯ ಭಾಗ ಮನೆಗೆ ಸೇರಿದ್ದೋ, ಆಮೇಲೆ ಕಟ್ಟಿದ್ದೋ ಎಂಬ ಪ್ರಶ್ನೆ ಬಂತು. ನಿಜಕ್ಕೂ ಅದು ನೋಡಲು ಮನೆಯ ಹಾಗಿಲ್ಲ. ಕಿಟಕಿ ಕಡಿಮೆ, ಗೋಡೆ ದಪ್ಪ, ಬಾಗಿಲು ಗಾಡಿ ಹೋಗುವಷ್ಟು ಅಗಲ. ನಾವೆಲ್ಲ ಚಿಕ್ಕಂದಿನಿಂದ ಅದನ್ನು ಬಂಡಸಾಲೆ ಎಂದೇ ಕರೆಯುತ್ತಿದ್ದೆವು. ಕಡಲ ವ್ಯಾಪಾರದ ಸರಕು ತುಂಬಿಡುವ ಜಾಗ. ಹಡಗಿನ ವ್ಯಾಪಾರ ನಡೆದ ನಮ್ಮ ಕರಾವಳಿಯ ಊರುಗಳಲ್ಲಿ ಇಂಥವು ಎಷ್ಟೋ ಇದ್ದವು. ಮಂಜಿ ಎಂಬ ಹಾಯಿ ಹಡಗುಗಳಲ್ಲಿ ಹಂಚು, ಅಕ್ಕಿ, ಒಣಮೀನು, ತೆಂಗಿನಕಾಯಿ ಹೋಗುತ್ತಿತ್ತು. ಮುಂಬಯಿಯಿಂದ ಮಂಗಳೂರಿಗೆ ಕರಾವಳಿ ಹಿಡಿದು ಆಗಬೋಟು ಬರುತ್ತಿತ್ತು. ಮಳೆಗಾಲದಲ್ಲಿ ಎಲ್ಲ ಬಂದ್.

ಹೊಳೆಗಳಿಗೆ ಸೇತುವೆ ಇಲ್ಲದ ಕಾಲ ಅದು. ದೋಣಿ ತಪ್ಪಿದವರು, ಹಡಗಿಗೆ ಕಾಯುವವರು, ಘಟ್ಟದ ಮೇಲಿನಿಂದ ಬಂದ ವ್ಯಾಪಾರಿಗಳು ನಮ್ಮ ಜಗಲಿಯಲ್ಲೇ ಮಲಗುತ್ತಿದ್ದರಂತೆ. ದೊಡ್ಡಮ್ಮನ ಅಜ್ಜಿ ಅವರಿಗೆ ಗಂಜಿ ಬಡಿಸುತ್ತಿದ್ದರಂತೆ. ದುಡ್ಡು ತೆಗೆದುಕೊಳ್ಳುತ್ತಿದ್ದರಾ ಎಂದು ಕೇಳಿದೆ. ದೊಡ್ಡಮ್ಮ ಬೆಲ್ಲ ತಂದುಕೊಡುತ್ತಿದ್ದರು, ಏಲಕ್ಕಿ ಕೊಡುತ್ತಿದ್ದರು ಎಂದರೇ ಹೊರತು ದುಡ್ಡಿನ ವಿಷಯ ಎತ್ತಲಿಲ್ಲ. ಲಾರಿ ಬಂದ ಮೇಲೆ ಮಂಜಿ ನಿಂತವು. ಬಂಡಸಾಲೆಯಲ್ಲಿ ಆಮೇಲೆ ತೆಂಗಿನಕಾಯಿ ರಾಶಿ, ಮಳೆಗಾಲದಲ್ಲಿ ಕಟ್ಟಿಗೆ. ಚಾವಡಿಯಲ್ಲಿ ಮಾತ್ರ ಆಟಿ ತಿಂಗಳ ಜಡಿಮಳೆಯಲ್ಲಿ ತಾಳಮದ್ದಳೆ ನಡೆಯುತ್ತಿದ್ದದ್ದು ನನಗೂ ನೆನಪಿದೆ.

ಇದೆಲ್ಲ ಕೇಳಲು ಚೆಂದ. ಕಡತಕ್ಕೆ ಮಾತ್ರ ಸಾಲದು.

ನನ್ನ ಚಿಕ್ಕಮ್ಮನ ಮಗ ಬೆಂಗಳೂರಿನಲ್ಲಿ ಡಿಸೈನ್ ಕೆಲಸ ಮಾಡುತ್ತಾನೆ. ನಾವು ಅರ್ಜಿ ಹಾಕುವ ಮೊದಲೇ ಅವನು ಬೋರ್ಡಿನ ಚಿತ್ರ ಕಳಿಸಿದ್ದ. "1865ರಿಂದ" ಎಂದು ದೊಡ್ಡದಾಗಿ ಬರೆದಿದ್ದ. ಎಲ್ಲಿಂದ ಬಂತು ಈ ಇಸವಿ? ಮಾಡಿನ (ಛಾವಣಿಯ) ಹಂಚಿನಿಂದ. ಹಂಚಿನ ಮೇಲೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಉಬ್ಬು ಅಕ್ಷರ ಇದೆ. ನಮ್ಮ ಕಡೆ ಹಳೆ ಮನೆ ಇರುವ ಅರ್ಧ ಜನ ಇದೇ ಲೆಕ್ಕ ಹೇಳುತ್ತಾರೆ. ಆದರೆ 1865 ಎಂದರೆ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ, ಮಿಷನ್ನಿನ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ದಶಕಗಟ್ಟಲೆ ಮಾಡಿದ ಹಂಚಿಗೂ ಅದೇ ಇಸವಿಯ ಅಚ್ಚು. ಅಲ್ಬುಕರ್ಕ್ ಕಂಪನಿಯ ಹಂಚಿನ ಮೇಲಿನ 1868 ಕೂಡ ಹಾಗೆಯೇ, ಕಂಪನಿ ಶುರುವಾದ ವರ್ಷ.

ಹಾಗಂತ ಹಂಚಿನಿಂದ ಕಾಲ ತಿಳಿಯುವುದೇ ಇಲ್ಲ ಎಂದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರ ಬಾಸೆಲ್ ಮಿಷನ್ನಿನ ಉದ್ಯಮಗಳನ್ನು ವಶಕ್ಕೆ ತೆಗೆದುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಆದ್ದರಿಂದ ಕಾಮನ್‌ವೆಲ್ತ್ ಹೆಸರಿನ ಹಂಚು ಖಂಡಿತ ಯುದ್ಧದ ನಂತರದ್ದು. ನಮ್ಮ ಮಾಡಿನಲ್ಲಿ ಚಾವಡಿಯ ಮೇಲೆ ಬಾಸೆಲ್ ಮಿಷನ್, ಬಂಡಸಾಲೆಯ ಮೇಲೆ ಹೆಚ್ಚಿನವು ಕಾಮನ್‌ವೆಲ್ತ್, ಅಡುಗೆಮನೆ ಕಡೆ ಎಲ್ಲ ಕಲಬೆರಕೆ. ಬಡಗಿಯವರು ಹಂಚು ಇಳಿಸುವಾಗ ಯಾವುದು ಎಲ್ಲಿತ್ತು ಎಂದು ಗೋಡೆಗೆ ಸೀಮೆಸುಣ್ಣದಲ್ಲಿ ಬರೆಸಿ, ಫೋಟೋ ತೆಗೆದಿಟ್ಟೆ. ಆಮೇಲೆ ಮಾಡು ಹೊದೆಸುವಾಗ ಇದರಿಂದ ಇನ್ನೊಂದು ಲಾಭವೂ ಆಯಿತು. ಬೇರೆ ಬೇರೆ ಕಾರ್ಖಾನೆಯ ಹಂಚುಗಳು ಒಂದಕ್ಕೊಂದು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಸಂದಿಯಲ್ಲಿ ಸೋರುತ್ತದೆ. ಹಳೆ ಮನೆ ಕೆಡವುವ ಕಡೆ ಹಂಚು ಕೊಳ್ಳುವುದಾದರೆ ಅಚ್ಚು ನೋಡಿಯೇ ಕೊಳ್ಳಿ.

ಅಳತೆಯ ಸಾಕ್ಷಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯೇ ಗತಿ ಎಂದು ವಕೀಲರು ಹೇಳಿದರು. ಇಸಿ, ಅಂದರೆ ಋಣಭಾರ ಪತ್ರ, ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗೆ. ಅದಕ್ಕಿಂತ ಹಿಂದಿನದ್ದಕ್ಕೆ ಅರ್ಜಿ ಕೊಟ್ಟು ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಹುಡುಕಿಸಬೇಕು. ಅಲ್ಲಿ ಎರಡು ಸೂಚಿ ಇರುತ್ತವೆ. ಒಂದು ಜನರ ಹೆಸರಿನ ಪ್ರಕಾರ, ಇನ್ನೊಂದು ಆಸ್ತಿಯ ಪ್ರಕಾರ. ಹೆಸರು ಹಿಡಿದು ಹುಡುಕಿದರೆ ಕಷ್ಟ. ನಮ್ಮ ಅಜ್ಜಿಯ ಮಾವನ ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆದಿದ್ದರು. ಸರ್ವೆ ನಂಬ್ರ ಹಿಡಿದು ಹೋಗುವುದು ವಾಸಿ. ಅದೂ ಹಳೆಯ ನಂಬ್ರ ಬೇಕು. ಈಗಿನ ಆರ್‌ಟಿಸಿಯ ನಂಬ್ರ ಹಿಸ್ಸೆಯಾಗಿ ಬದಲಾಗಿರಬಹುದು.

ಕುಂದಾಪುರ ಕಡೆಯವರಿಗೆ ಒಂದು ಮಾತು. ನಮ್ಮ ತಾಲೂಕು 1956ರ ತನಕ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಪಕ್ಕದ ಭಟ್ಕಳ ಉತ್ತರ ಕನ್ನಡಕ್ಕೆ ಸೇರಿ 1862ರಿಂದಲೇ ಬೊಂಬಾಯಿ ಆಡಳಿತದಲ್ಲಿತ್ತು. ಆದ್ದರಿಂದ ಭಟ್ಕಳದ ನೆಂಟರು ಹೇಳಿದ ಹಳೆ ಕಡತದ ಹೆಸರು ಹಿಡಿದು ಇಲ್ಲಿ ಕೇಳಿದರೆ ಸಿಗುವುದಿಲ್ಲ. ನಮ್ಮ ಕಡೆ ಜಮೀನಿನ ಕಡತದಲ್ಲಿ ಅಡಂಗಲ್, ವರ್ಗ, ಕುಮ್ಕಿ, ಮೂಲಗೇಣಿ (ಶಾಶ್ವತ ಗೇಣಿ) ಎಂಬ ಭಾಷೆ. ಮತ್ತೆ ಉಡುಪಿ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಜಿಲ್ಲಾ ಮಟ್ಟದ ಕಡತ ಮಂಗಳೂರಿನಲ್ಲಿ ಇರಬಹುದು. ಬೈಂದೂರು ಬೇರೆ ತಾಲೂಕಾದದ್ದಂತೂ ಈಚೆಗೆ, 2018ರಲ್ಲಿ. ಒಂದು ಕಚೇರಿಯಲ್ಲಿ "ಇಲ್ಲ" ಎಂದರೆ, "ಮೊದಲು ಈ ಊರಿನ ಕಡತ ಎಲ್ಲಿತ್ತು?" ಎಂದು ಕೇಳಿಕೊಂಡೇ ಹೊರಡಿ.

ಕಾಯುವುದು ಬಹಳವಾಯಿತು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿಯೇ ಕಾಣೆಯಾಯಿತು. ಸ್ವೀಕೃತಿ ಚೀಟಿ ಇದ್ದದ್ದರಿಂದ ಬಚಾವ್. ಅರ್ಜಿ ಕೊಟ್ಟ ಕಡೆಯೆಲ್ಲ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಹಾಕಲು ಮುಖ ಸಿಂಡರಿಸುತ್ತಾರೆ. ಪರವಾಗಿಲ್ಲ, ನಿಂತು ಹಾಕಿಸಿಕೊಳ್ಳಿ.

ಕೊನೆಗೆ ಸಿಕ್ಕಿದ್ದು 1920ರ ದಶಕದ ಒಂದು ಮೂಲಗೇಣಿ ಚೀಟಿಯ ದೃಢೀಕೃತ ನಕಲು. ಕನ್ನಡದಲ್ಲೇ ಇದೆ, ಆದರೆ ನನಗೆ ಒಂದು ಸಾಲೂ ಓದಲಾಗಲಿಲ್ಲ. ಅಲ್ಪವಿರಾಮ ಇಲ್ಲ, ಪೂರ್ಣವಿರಾಮ ಇಲ್ಲ, ಒಂದು ಪುಟಕ್ಕೆ ಒಂದೇ ವಾಕ್ಯ. ಊರಿನ ಹಿರಿಯ ದಸ್ತಾವೇಜು ಬರಹಗಾರರೊಬ್ಬರು ಕನ್ನಡಕ ಏರಿಸಿ ಗಡಗಡನೆ ಓದಿಬಿಟ್ಟರು. ಭೂಮಿಯ ಮೂಲದವರು ಬೇರೆ. ನಮ್ಮವರು ಶಾಶ್ವತ ಗೇಣಿಗೆ ಹಿಡಿದವರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ, ಇಷ್ಟು ತೆಂಗಿನಕಾಯಿ. ಆಸ್ತಿಯ ವಿವರದಲ್ಲಿ ಹಂಚಿನ ಮಾಡಿನ ಬಂಡಸಾಲೆ, ಅದಕ್ಕೆ ಹೊಂದಿದ ಮನೆ ಕಟ್ಟಡ, ಕೋಲು ಲೆಕ್ಕದ ಉದ್ದಗಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಬೇಕಾಗಿದ್ದದ್ದು ಅದೇ ಸಾಲು.

ಆಮೇಲೆ ಅವರು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿದರು. ಮೂಡು, ತೆಂಕು, ಬಡಗು ಎಲ್ಲ ನಮಗೆ ಗೊತ್ತಿರುವ ಜಾಗಗಳೇ. ಪಡುವಿಗೆ ಏನಿತ್ತು ಎಂದರೆ, ಮೊದಲು ನಮ್ಮದೇ ತೆಂಗಿನ ತೋಟ, ಅದರಾಚೆ ನಡೆದಾಡುವ ಹಾದಿ, ಅದರಾಚೆ ಸರಕಾರಿ ಪರಂಬೋಕು, ಆಮೇಲೆ ಸಮುದ್ರ. ಈಗ ಆ ಹಾದಿಯೂ ಇಲ್ಲ, ತೋಟದ ಹೆಚ್ಚಿನ ಭಾಗವೂ ಇಲ್ಲ. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ರಾಶಿ ಬಂಡಸಾಲೆಯ ಗೋಡೆಯಿಂದ ಕಾಣುತ್ತದೆ. ಕಟ್ಟಿದವರು ಕಡಲಿನಿಂದ ದೂರ ಬಿಟ್ಟೇ ಕಟ್ಟಿದ್ದರು, ಕಡಲೇ ಹತ್ತಿರ ಬಂದದ್ದು. ದೊಡ್ಡಮ್ಮನಿಗೆ ಹೇಳಿದರೆ, ತಾನು ಶಾಲೆಗೆ ಹೋಗುವಾಗ ಆ ಹಾದಿಯಲ್ಲೇ ಹೋಗುತ್ತಿದ್ದದ್ದು ಎಂದು ಸುಮ್ಮನಾದರು. ಅಂದು ರಾತ್ರಿ ನನಗೆ ಈ ಕೆಲಸವೇ ಬೇಡ ಅನ್ನಿಸಿತು ನೋಡಿ. ಇನ್ನೆಷ್ಟು ವರ್ಷ ಉಳಿಯುವ ಮನೆಗೆ ಇಷ್ಟೆಲ್ಲ ಖರ್ಚು? ಆ ಪ್ರಶ್ನೆಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಬ್ಯಾಂಕ್ ಸಾಲಕ್ಕೆ ಹೋಗದೆ ಕೈಯಲ್ಲಿದ್ದ ಹಣದಲ್ಲೇ ಮಾಡಿದ್ದು ಅದಕ್ಕಾಗಿ. ಕಡಲ ದಡದವರು ಯಾರೇ ಕೇಳಿದರೂ ಇದನ್ನೊಂದು ಒತ್ತಿ ಹೇಳುತ್ತೇನೆ.

ಮೂಲಗೇಣಿ ಎಂದ ಕೂಡಲೇ ಹೊಸ ತಲೆನೋವು. ಹಾಗಾದರೆ ಮಾಲೀಕರು ಯಾರು? ಇಲ್ಲಿ ಭೂಸುಧಾರಣೆ ನಮ್ಮ ಕೈ ಹಿಡಿಯಿತು. 1974ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಮನೆಯವರು ಡಿಕ್ಲರೇಶನ್ ಕೊಟ್ಟಿದ್ದರು. ಭೂನ್ಯಾಯ ಮಂಡಳಿಯ ಆದೇಶದಲ್ಲಿ ತೋಟದ ಜೊತೆ ಕಟ್ಟಡದ ಅಡಿಸ್ಥಳವೂ ಸೇರಿತ್ತು. ಎಲ್ಲರಿಗೂ ಹೀಗೆ ಇರುವುದಿಲ್ಲ. ಕೃಷಿಯಿಲ್ಲದ ಮೂಲಗೇಣಿ ಜಾಗಗಳು ಎಷ್ಟೋ ಹಾಗೇ ಉಳಿದಿವೆ. ಅಂಥವರಿಗೆ ಒಡೆತನ ಕೊಡಲೆಂದು 2011ರ ಹೆಸರಿನ ಕಾಯಿದೆಯೊಂದಿದೆ. ನಿಮ್ಮದು ಆ ಪೈಕಿಯಾದರೆ ವಕೀಲರನ್ನು ಕಾಣದೆ ಒಂದು ರೂಪಾಯಿಯನ್ನೂ ಮನೆಗೆ ಹಾಕಬೇಡಿ.

ಇನ್ನು ಕುಟುಂಬದ ಸಹಿ. ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಬಳಿಯಲ್ಲಿ ಇಳಿದು ಬಂದದ್ದು. ಹಿಂದೆ ಇಂಥ ಆಸ್ತಿಯನ್ನು ಪಾಲು ಮಾಡುವುದೇ ಕಷ್ಟವಿತ್ತು, ಯಜಮಾನರದ್ದೇ ಕಾರುಬಾರು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಬಂದ ಮೇಲೆ ಕವರು ಕವರುಗಳಾಗಿ (ಒಬ್ಬ ಹೆಣ್ಣಿನ ಸಂತತಿಯ ಕವಲುಗಳಾಗಿ) ಪಾಲು ಕೇಳುವ ಹಕ್ಕು ಬಂತು. ನಮ್ಮ ಅಜ್ಜಿಯ ಕವರಿಗೆ ಈ ಮನೆ ಬಂದದ್ದು ಆಮೇಲಿನ ಪಾಲುಪತ್ರದಲ್ಲಿ. ಆದರೆ ಅಜ್ಜಿ ಹೋದ ಮೇಲೆ ಯಾರೂ ಖಾತೆ ಬದಲಾಯಿಸಿರಲಿಲ್ಲ. ಅಂದರೆ ಈಗ ಅಜ್ಜಿಯ ಮಕ್ಕಳು, ತೀರಿಹೋದ ಮಕ್ಕಳ ಮಕ್ಕಳು ಎಲ್ಲರೂ ಹಕ್ಕುದಾರರು. ವಂಶವೃಕ್ಷ ಮಾಡಿಸಿ ನೋಡಿದರೆ ಮುಂಬಯಿ, ಬೆಂಗಳೂರು, ದುಬೈ ಎಲ್ಲ ಕಡೆ ಜನ.

ಮುಂಬಯಿಯ ಮಾವ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಫೋನ್ ಮಾಡಿದ ಕೂಡಲೇ, "ರೂಮ್ ಬಾಡಿಗೆ ಎಷ್ಟು ಇಡ್ತೀ? ಸೀಸನ್ ಎಷ್ಟು ತಿಂಗಳು?" ಎಂದು ಲೆಕ್ಕ ಕೇಳಿದರು. ಸಹಿಯ ವಿಷಯಕ್ಕೆ ಬಂದಾಗ ಮಾತ್ರ, "ನಂಗೆ ಎಂತದೂ ಬೇಡ. ಆದ್ರೆ ನನ್ನ ಹೆಸ್ರು ತೆಗೀಬೇಡಿ" ಎಂದರು. ಅದು ನ್ಯಾಯವೇ ಅಲ್ವಾ? ಹಾಗಾಗಿ ಹಕ್ಕುಬಿಡುಗಡೆ ಕೇಳಲಿಲ್ಲ. ಪೌತಿ ಖಾತೆಯಲ್ಲಿ ಎಲ್ಲರ ಹೆಸರೂ ಬಂತು. ಹೋಮ್‌ಸ್ಟೇ ನಡೆಸಲು ನನಗೂ ದೊಡ್ಡಮ್ಮನಿಗೂ ಒಪ್ಪಿಗೆ ಪತ್ರ ಮಾತ್ರ ಬರೆಸಿಕೊಂಡೆವು. ಇದರಿಂದ ಸಮಯ ಜಾಸ್ತಿ ಹಿಡಿಯಿತು, ಮನೆ ಒಡೆಯಲಿಲ್ಲ. ದುಬೈಯಲ್ಲಿರುವ ತಂಗಿ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಸಹಿ ಮಾಡಿ ಅಧಿಕಾರ ಪತ್ರ ಕಳಿಸಿದಳು. ಹೊರದೇಶದಲ್ಲಿ ಮಾಡಿದ ಪತ್ರಕ್ಕೆ ಇಲ್ಲಿಗೆ ಬಂದ ಮೂರು ತಿಂಗಳ ಒಳಗೆ ಸ್ಟಾಂಪು ಶುಲ್ಕ ಕಟ್ಟಬೇಕು. ಬಂದ ಲಕೋಟೆಯನ್ನೂ ಜೋಪಾನ ಮಾಡಿ, ತಾರೀಕಿಗೆ ಅದೇ ಸಾಕ್ಷಿ.

ಇಷ್ಟಾದ ಮೇಲೆ ಸಿಆರ್‌ಝಡ್ ಕಡೆಯವರು ಸ್ಥಳಕ್ಕೆ ಬಂದು ಅಳತೆ ನೋಡಿದರು. ಚೀಟಿಯಲ್ಲಿದ್ದ ಅಳತೆಗೂ ಈಗಿನ ಗೋಡೆಗೂ ಹೆಚ್ಚುಕಡಿಮೆ ತಾಳೆಯಾಯಿತು. ತಾಳೆಯಾಗದ ಒಂದೇ ಜಾಗ ಹಿಂದಿನ ತಗಡಿನ ಶೆಡ್ಡು. ಅದನ್ನು ತೆಗೆಯಿರಿ ಎಂದರು, ತೆಗೆದೆವು.

ಈಗ ನಿಜವಾದ ಪೇಚು ಬಂತು. ಅತಿಥಿಗಳ ಕೋಣೆಗೆ ಹೊಂದಿಕೊಂಡು ಶೌಚಾಲಯ ಬೇಕು. ಹಳೆ ಮನೆಯಲ್ಲಿ ಬಚ್ಚಲು ಹೊರಗೆ, ಹಂಡೆ ಒಲೆ ಇರುವ ಕಡೆ. ಹೊರಗೆ ಕಟ್ಟೋಣ ಎಂದರೆ ತಳಪಾಯ ಒಂದು ಅಡಿಯೂ ಬೆಳೆಯುವ ಹಾಗಿಲ್ಲ. ಒಳಗೇ ಜಾಗ ಮಾಡಬೇಕು. ಬಂಡಸಾಲೆ ಅಗಲವಾಗಿದ್ದದ್ದು ಇಲ್ಲಿ ಅನುಕೂಲವಾಯಿತು. ಅದನ್ನು ಮೂರು ಕೋಣೆ ಮಾಡಿ, ಮೂಡು ಗೋಡೆಗೆ ತಾಗಿ ಮೂರು ಬಾತ್‌ರೂಮ್ ಕೂರಿಸಿದೆವು. ಕರ್ನಾಟಕದಲ್ಲಿ ಹೋಮ್‌ಸ್ಟೇಗೆ ಐದು ಕೋಣೆಯ ತನಕ ಅವಕಾಶವಿದೆ. ನಮಗೆ ಮೂರೇ ಸಾಕಾಯಿತು. ಮನೆಯವರು ಅಲ್ಲೇ ವಾಸವಿರಬೇಕು ಎಂಬುದೂ ನಿಯಮ. ಬೆಂಗಳೂರಿನಲ್ಲಿ ಕೂತು ಕೆಲಸದವರನ್ನಿಟ್ಟು ನಡೆಸುತ್ತೇವೆ ಎನ್ನುವವರಿಗೆ ಇದು ಆಗದ ಮಾತು.

ದುರಸ್ತಿಯಲ್ಲಿ ಹೆಚ್ಚು ಹಣ ನುಂಗಿದ್ದು ಗೋಡೆ ಮತ್ತು ಮಾಡು. ಗೋಡೆ ಕೆಂಪುಕಲ್ಲಿನದ್ದು, ಮೊದಲು ಚಿಪ್ಪಿನ ಸುಣ್ಣದ ಗಾರೆ ಇತ್ತು. ಎಷ್ಟೋ ವರ್ಷದ ಹಿಂದೆ ಯಾರೋ ಹೇಳಿದರೆಂದು ಮನೆಯವರು ಅದರ ಮೇಲೆ ಸಿಮೆಂಟ್ ಬಳಿಸಿದ್ದರು. ಒಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಕಲ್ಲು ಪುಡಿಯಾಗುತ್ತಿತ್ತು. ಸಿಮೆಂಟ್ ಕೆತ್ತಿಸಿ ಮತ್ತೆ ಸುಣ್ಣದ ಗಾರೆ ಹಾಕಿಸಿದೆವು. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದು ಅಪರೂಪ. ಅವರು ಸಿಕ್ಕಿದಾಗ ನಿಮ್ಮ ಕೆಲಸ ಶುರು ಮಾಡಿ, ನಿಮ್ಮ ಕೆಲಸ ಶುರುವಾದಾಗ ಅವರು ಸಿಗುವುದಿಲ್ಲ. ಕಡಲ ಮರಳು ಹತ್ತಿರವೇ ಇದೆ ಎಂದು ಗಾರೆಗೆ ಬಳಸಬೇಡಿ, ಉಪ್ಪು ಗೋಡೆಯಲ್ಲಿ ಬೆಳ್ಳಗೆ ಹೊರಗೆ ಬರುತ್ತದೆ. ಮಾಡಿನ ಪಕಾಸು, ಅಂದರೆ ಇಳಿಜಾರಿನ ಮರಗಳು, ಹೆಚ್ಚಿನವು ಗಟ್ಟಿಯಾಗಿದ್ದವು. ಅವುಗಳ ಮೇಲೆ ಹಂಚು ಕೂರಿಸುವ ಅಡ್ಡಪಟ್ಟಿ, ರೀಪು, ಪೂರ್ತಿ ಬದಲಾಯಿಸಿದೆವು.

ಬಾವಿಯ ನೀರು ಮಾರ್ಚ್ ಕಳೆದ ಮೇಲೆ ಉಪ್ಪಾಗುತ್ತದೆ. ಇದು ಊರಿಗೆಲ್ಲ ಗೊತ್ತಿರುವುದೇ, ಆದರೆ ಬರುವವರಿಗೆ ಗೊತ್ತಿಲ್ಲ. ಪರೀಕ್ಷೆ ಮಾಡ್ಸಿ ಕುಡಿಯುವ ನೀರಿಗೆ ಬೇರೆ ಟ್ಯಾಂಕ್ ಇಟ್ಟೆವು.

ಪ್ರವಾಸೋದ್ಯಮ ಇಲಾಖೆಯ ಅರ್ಜಿ ಹಾಕಿದ್ದು ಇಷ್ಟೆಲ್ಲ ಮುಗಿದ ಮೇಲೆ. ವಿಚಿತ್ರ ಎಂದರೆ ಅದೇ ಬೇಗ ಆದದ್ದು. ಮಾಲೀಕತ್ವದ ಕಾಗದ, ಪಂಚಾಯತಿಯ ಪತ್ರ, ಪೊಲೀಸ್ ಪರಿಶೀಲನೆ, ಕೋಣೆಗಳ ಫೋಟೋ. ಸ್ಥಳ ನೋಡಲು ಬಂದವರು ಮೊದಲು ಹೋದದ್ದು ಬಾತ್‌ರೂಮಿಗೆ. ಆಮೇಲೆ ಬೆಂಕಿ ನಂದಿಸುವ ಸಿಲಿಂಡರ್ ಎಲ್ಲಿ ಎಂದು ಕೇಳಿದರು. ಮನೆ ಎಷ್ಟು ಹಳೆಯದು ಎಂದು ಚಾವಡಿಯಲ್ಲಿ ಕೂತು ಚಾ ಕುಡಿಯುವಾಗ ಮಾತ್ರ ಕೇಳಿದ್ದು, ಅದೂ ಕುತೂಹಲಕ್ಕೆ.

ಊಟ ಕೊಡುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ನಮ್ಮಂಥ ಸಣ್ಣವರಿಗೆ, ಅಂದರೆ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ, ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು. ಹೊರದೇಶದವರು ಬಂದರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರದ ಫಾರ್ಮ್ (ಮೊದಲು ಸಿ ಫಾರ್ಮ್ ಎನ್ನುತ್ತಿದ್ದದ್ದು) ತುಂಬಬೇಕು. ನೆಂಟರ ಸ್ನೇಹಿತರು ಎಂದು ಸುಮ್ಮನೆ ಬಿಡುವ ಹಾಗಿಲ್ಲ. ಜಿಎಸ್‌ಟಿ ವರ್ಷಕ್ಕೆ 20 ಲಕ್ಷ ದಾಟಿದರೆ ಮಾತ್ರ. ಬುಕಿಂಗ್ ಆ್ಯಪ್ ಮೂಲಕ ಬಂದ ಕೋಣೆಯ ತೆರಿಗೆಯನ್ನು ಆ್ಯಪಿನವರೇ ಕಟ್ಟುತ್ತಾರೆ. ಆದರೂ ಒಮ್ಮೆ ನಿಮ್ಮ ಆಡಿಟರನ್ನು ಕೇಳಿಬಿಡಿ.

ಖರ್ಚಿನ ಲೆಕ್ಕ ಕೇಳುವವರಿಗೆ: ಮಾಡಿಗೆ ಸುಮಾರು 6 ಲಕ್ಷ, ಮೂರು ಬಾತ್‌ರೂಮ್ ಮತ್ತು ಪೈಪಿನ ಕೆಲಸಕ್ಕೆ 5 ಲಕ್ಷದ ಹತ್ತಿರ, ಸುಣ್ಣದ ಗಾರೆಗೆ 3 ಲಕ್ಷ. ಮಂಚ, ಹಾಸಿಗೆ, ಫ್ಯಾನು ಎಂದು ಮತ್ತೊಂದಿಷ್ಟು. ಕಾಗದ ಪತ್ರಕ್ಕೆ 60 ಸಾವಿರದ ಆಸುಪಾಸು. ಅದರಲ್ಲಿ ಸರಕಾರಿ ಶುಲ್ಕ ಸಣ್ಣದು. ಹೆಚ್ಚಿನದ್ದು ವಕೀಲರಿಗೆ, ನಕ್ಷೆ ಮಾಡಿದವರಿಗೆ, ಓಡಾಟಕ್ಕೆ. "ಎಲ್ಲ ಒಟ್ಟಿಗೆ ಮಾಡಿಸಿ ಕೊಡ್ತೇನೆ" ಎಂದು ದೊಡ್ಡ ಮೊತ್ತ ಹೇಳಿದವರೂ ಸಿಕ್ಕಿದರು. ಅವರಿಗೆ ಕೊಟ್ಟಿದ್ದರೆ ಚೀಟಿ ಸಿಗುತ್ತಿತ್ತೋ ಏನೋ, ಚಕ್ಕುಬಂದಿ ಓದುವವರು ಸಿಗುತ್ತಿರಲಿಲ್ಲ.

ಬೋರ್ಡಿನಲ್ಲಿ ಇಸವಿ ಹಾಕಿಲ್ಲ. ಬಂದವರು ಮಾಡಿನ ಹಂಚು ನೋಡಿ "1865ರ ಮನೆಯಾ?" ಎಂದು ಕೇಳುತ್ತಾರೆ. ದೊಡ್ಡಮ್ಮ ಈಗ ಕಾರ್ಖಾನೆಯ ಕಥೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಮೂಲಗೇಣಿ ಚೀಟಿಯ ನಕಲಿಗೆ ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದೇವೆ, ಪಕ್ಕದಲ್ಲಿ ಟೈಪ್ ಮಾಡಿದ ಪ್ರತಿ.

ನೀವು ಶುರು ಮಾಡುವುದಾದರೆ ಕಾಗದದ ಕೆಲಸವನ್ನು ಜೂನ್‌ನಲ್ಲಿ ಹಿಡಿಯಿರಿ. ಮಳೆಗಾಲದಲ್ಲಿ ಹೇಗೂ ಮಾಡು ಬಿಚ್ಚಲಾಗುವುದಿಲ್ಲ. ಬಡಗಿಯವರಿಗೆ ದೀಪಾವಳಿಯೊಳಗೆ ಮುಂಗಡ ಕೊಟ್ಟಿಡಿ. ಜನವರಿ ಬಂತೆಂದರೆ ಎಲ್ಲರೂ ಮದುವೆ, ಗೃಹಪ್ರವೇಶದ ಮನೆಗಳಲ್ಲಿ ಇರುತ್ತಾರೆ, ಮತ್ತೆ ಕೈಗೆ ಸಿಗುವುದು ಮೇ ಕೊನೆಗೆ. ಆಗ ಪಡುವಿನಲ್ಲಿ ಮೋಡ ಕಟ್ಟಲು ಶುರುವಾಗಿರುತ್ತದೆ, ಮಾಡು ಬಿಚ್ಚಲು ಅವರೂ ಒಪ್ಪುವುದಿಲ್ಲ.